ಜನರೇಟರ್ ಸದ್ದಿಗೆ ಕೇಳಿಸದ ಕರೆ

ಕರಿಕೆಯ ಆ ಮನೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಸುಡುಬಿಸಿಲಿನಲ್ಲಿ ಉರಿಯುತ್ತಿದ್ದ ಒಂದು ಬಲ್ಬು. ಅಂಗಳದ ಮೂಲೆಯ ಕಂಬಕ್ಕೆ ನೇತುಹಾಕಿದ ಹಳೇ ಗುಂಡು ಬಲ್ಬು, ಒಳಗಿನ ತಂತಿ ಕಾಣುವಂಥದ್ದು. ಈಗ ಅಂಥದ್ದನ್ನು ಅಂಗಡಿಯಲ್ಲಿ ಕೇಳಿದರೆ ಹುಡುಗರು ಮುಖ ಮುಖ ನೋಡುತ್ತಾರೆ.

ಜೀಪಿನಿಂದ ಸೋಲಾರ್ ಪ್ಯಾನೆಲ್ ಇಳಿಸುತ್ತಾ ನಾನು, "ಏನಕ್ಕ, ಹಗಲೊತ್ತಲ್ಲಿ ಲೈಟ್ ಹಾಕಿದೀರಿ? ಸೂರ್ಯನಿಗೆ ದಾರಿ ತೋರ್ಸಕ್ಕಾ?" ಅಂದೆ.

ಮನೆಯ ಯಜಮಾನಿ ದಮಯಂತಿಯಕ್ಕ ನಗಲಿಲ್ಲ. ಮಗಳು ಮೋನಿಷಾ ಮಾತ್ರ ಪ್ಯಾನೆಲಿನ ಇನ್ನೊಂದು ತುದಿ ಹಿಡಿಯುತ್ತಾ, "ಆರಿಸಿದ್ರೆ ಟರ್ಬೈನು ಸುಟ್ಟುಹೋಗ್ತದೆ. ನಿಮ್ಗೆ ಗೊತ್ತಿಲ್ವಾ? ಕರೆಂಟಿನವರು ಅಂತ ಫೋನಲ್ಲಿ ಹೇಳಿದ್ರಿ" ಅಂದಳು.

ಗೊತ್ತಿರಲಿಲ್ಲ ಅಂತಲ್ಲ, ಮರೆತಿದ್ದೆ. ನಾನು ಕುಶಾಲನಗರದ ಕಡೆಯವನು, ಹೆಸರು ಶಶಿಕುಮಾರ್. ನಮ್ಮ ತಾತ ಹಾಸನದಿಂದ ಬಂದು ಅಲ್ಲಿ ಗದ್ದೆ ಮಾಡಿದರು. ಮೊದಲು ಚೆಟ್ಟಳ್ಳಿಯ ಒಂದು ಎಸ್ಟೇಟಿನಲ್ಲಿ ಕಾಫಿಗೆ ನೀರು ಹಾರಿಸುವ ಡೀಸೆಲ್ ಎಂಜಿನ್ ನೋಡಿಕೊಳ್ಳುತ್ತಿದ್ದೆ. ಆ ಸದ್ದಿಗೆ ಎಡಗಿವಿ ಅರ್ಧ ಹೋದ ಮೇಲೆ ಸದ್ದಿಲ್ಲದ ಕೆಲಸ ಅಂತ ಸೋಲಾರಿಗೆ ಬಂದೆ. ತೋಡಿನ, ಅಂದರೆ ಕಾಡಿನ ಸಣ್ಣ ಹಳ್ಳದ, ನೀರಿನಿಂದ ಕರೆಂಟು ಮಾಡಿಕೊಳ್ಳುವ ಮನೆಗಳು ನಮ್ಮ ಕಡೆ ಇಲ್ಲ. ಕರಿಕೆಯಂಥ ಕಾಡಿನ ಮೂಲೆಯಲ್ಲಿ, ಲೈನ್ ಕಂಬ ಬಂದು ಮುಟ್ಟದ ಕಡೆ ಇವೆ. ಮೇಲೆ ತೋಡಿಗೆ ಸಣ್ಣ ಕಟ್ಟೆ, ಕಟ್ಟೆಯ ಬಾಯಿಗೆ ಕಸ ತಡೆಯುವ ಜಾಲರಿ, ಅಲ್ಲಿಂದ ಗುಡ್ಡದ ಕೆಳಗೆ ಪೈಪು, ಪೈಪಿನ ಕೊನೆಗೆ ಚಕ್ರ. ನೀರು ಬೀಳುತ್ತಿದ್ದ ಹಾಗೆ ಚಕ್ರ ತಿರುಗಲೇಬೇಕು, ಆದ ಕರೆಂಟು ಎಲ್ಲಾದರೂ ಖರ್ಚಾಗಲೇಬೇಕು. ಬಲ್ಬೆಲ್ಲ ಆರಿಸಿದರೆ ಚಕ್ರ ಹಿಡಿತ ಇಲ್ಲದೆ ಓಡಿ ಓಡಿ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಹಾಗಾಗಿ ಅಂಥ ಮನೆಗಳಲ್ಲಿ ಹಗಲೂ ಇರುಳೂ ದೀಪ. ಆರಿಸಲೇಬೇಕೆಂದರೆ ಗುಡ್ಡ ಹತ್ತಿ ಪೈಪಿನ ವಾಲ್ವ್ ಮುಚ್ಚಬೇಕು.

"ಎಷ್ಟು ದಿನದ ಕೆಲಸ?" ದಮಯಂತಿಯಕ್ಕ ಕೇಳಿದರು.

"ನಾಳೆ ಮಧ್ಯಾಹ್ನಕ್ಕೆ ಮುಗಿಸ್ತೀನಿ ಅಕ್ಕ. ಆಮೇಲೆ ಆ ಚಕ್ರ ಬೇಕಾದ್ರೆ ಗುಜರಿಗೆ ಹಾಕಿ."

ಮೋನಿಷಾ ಹಿಡಿದಿದ್ದ ತುದಿಯನ್ನು ಸ್ವಲ್ಪ ಜೋರಾಗಿಯೇ ನೆಲಕ್ಕೆ ಬಿಟ್ಟು ಒಳಗೆ ಹೋದಳು. ನಾನು ಗಾಜು ಒಡೆಯಿತೋ ಎಂದು ಬಗ್ಗಿ ನೋಡಿದೆ. ಒಡೆದಿರಲಿಲ್ಲ.

ಸಂಜೆ ಕಾಫಿ ಕುಡಿಯುವಾಗ ವಿಷಯ ಹೊರಬಿತ್ತು. ಅಷ್ಟರಲ್ಲಿ ದೇರಪ್ಪಣ್ಣ ಬಂದಿದ್ದರು. ದಮಯಂತಿಯಕ್ಕನ ಗಂಡ ಕುಶಾಲಪ್ಪನವರ ಅಣ್ಣ ಅವರು. ಮನೆ ಗುಡ್ಡದ ಆಚೆ, ರಬ್ಬರ್ ತೋಟ. ಕುಶಾಲಪ್ಪನವರು ದಸರಾ ಹೊತ್ತಿಗೆ ತೀರಿಹೋಗಿದ್ದರು. ಎದೆ ನೋವು ಅಂತ ಜೀಪಿನಲ್ಲಿ ಗಡಿಯಾಚೆಯ ಪಾಣತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೊರಟರೆ, ಗಡಿ ದಾಟುವ ಮೊದಲೇ ಮುಗಿದಿತ್ತು.

ಕಾಫಿ ಲೋಟ ಕೈಯಲ್ಲಿದ್ದ ಹಾಗೆಯೇ ಅಂಗಳದ ಬಲ್ಬು ಮಂಕಾಯಿತು. ಬಿಳಿ ಹೋಗಿ ಹಳದಿ, ಹಳದಿ ಹೋಗಿ ಕೆಂಪು. ಒಳಗಿನ ತಂತಿ ಮಾತ್ರ ಬಾಡಿದ ಎರೆಹುಳದ ಹಾಗೆ ಕಾಣುತ್ತಿತ್ತು.

"ಜಾಲರಿಗೆ ಎಲೆ ಕಟ್ಟಿರ್ಬೇಕು" ಅಂತ ನಾನು ಎದ್ದೆ. "ರಬ್ಬರ್ ಎಲೆ ಉದುರೋ ಕಾಲ ಅಲ್ವಾ. ನಡಿ ಮೋನಿಷಾ, ದಾರಿ ತೋರ್ಸು, ಬಿಡಿಸಿ ಬರಾಣ."

"ಕೂತ್ಕೊಳ್ಳಿ" ಅಂದರು ದಮಯಂತಿಯಕ್ಕ.

ಯಾರೂ ಅಲ್ಲಾಡಲಿಲ್ಲ. ದೇರಪ್ಪಣ್ಣ ಕೆಳಗೆ ನೋಡುತ್ತಾ ಎಲೆಯಡಿಕೆ ಮಡಚುತ್ತಿದ್ದರು. ಸ್ವಲ್ಪ ಹೊತ್ತಿಗೆ ತಂತಿ ಕೆಂಪಿನಿಂದ ಹಳದಿಗೆ ಬಂತು, ಹಳದಿಯಿಂದ ಬಿಳಿಗೆ, ಅಂಗಳ ತುಂಬ ಬೆಳಕಾಯಿತು.

"ಯಾರು ಬಿಡಿಸಿದ್ದು?" ನಾನು ಕೇಳಿದೆ.

"ಅದಕ್ಕೇ ನಿಮ್ಮನ್ನು ಕರೆಸಿದ್ದು" ಅಂದರು ದಮಯಂತಿಯಕ್ಕ.

ಅವರು ಹೇಳಿದ್ದು ಹೀಗೆ. ಕುಶಾಲಪ್ಪನವರು ಮನೆಯಲ್ಲಿ ಬೇರೆಲ್ಲ ಕಡೆ ಹೊಸ ಬಲ್ಬು ಹಾಕಿಸಿದರೂ ಅಂಗಳದ್ದನ್ನು ಬದಲಿಸಲು ಬಿಡಲಿಲ್ಲ. ಹೊಸದಕ್ಕೆ ಉರಿಯುವುದು, ಆರುವುದು ಎರಡೇ ಗೊತ್ತು. ಈ ಗುಂಡು ಬಲ್ಬು ಮಾತ್ರ ತೋಡಿನಲ್ಲಿ ಏನಾಗುತ್ತಿದೆ ಎಂದು ಕೂತಲ್ಲಿಗೇ ತಿಳಿಸುತ್ತದೆ. ಅದು ಮಂಕಾದರೆ ಊಟದ ನಡುವೆ ಇದ್ದರೂ ಎದ್ದು ಗುಡ್ಡ ಹತ್ತುತ್ತಿದ್ದರು, ಬೆಳಗಿದ ಮೇಲೇ ಇಳಿದು ಬರುತ್ತಿದ್ದರು. ಅವರು ಹೋದ ಮೇಲೂ ಬಲ್ಬು ಮಂಕಾಗುತ್ತದೆ, ತಾನಾಗಿ ಬೆಳಗುತ್ತದೆ. ಯಾರೂ ಮೇಲೆ ಹೋಗುವುದಿಲ್ಲ.

"ಅವರನ್ನು ಒಳಗೆ ಕರೆದದ್ದು ಸರಿ ಆಗ್ಲಿಲ್ಲ" ಅಂದರು ದಮಯಂತಿಯಕ್ಕ. ಗಂಡನ ಹೆಸರನ್ನು ಅವರು ಒಮ್ಮೆಯೂ ಬಾಯಿಗೆ ತರಲಿಲ್ಲ.

ಅಲ್ಲಿ ಅರೆಭಾಷೆ ಗೌಡರ ಮನೆಗಳಲ್ಲಿ ಒಂದು ಪದ್ಧತಿ ಇದೆಯಂತೆ. ಹದಿನಾರಕ್ಕೆ, ಅಂದರೆ ಸತ್ತ ಹದಿನಾರನೆಯ ದಿನ, ಕತ್ತಲಾಗುವ ಹೊತ್ತು ಅಂಗಳದ ಅಂಚಿನಲ್ಲಿ ನಿಂತು ಮನೆಯ ಹಿರಿಯರೊಬ್ಬರು ಸತ್ತವರನ್ನು ಹೆಸರು ಹಿಡಿದು ಒಳಗೆ ಕರೆಯಬೇಕು. ಆಗ ಎಣ್ಣೆ ದೀಪ ಬಿಟ್ಟು ಬೇರೆ ಬೆಳಕು ಇರಬಾರದು, ಮಾತು ಇರಬಾರದು. ಕರೆದ ಮೇಲೆ ಒಳಕೋಣೆಯಲ್ಲಿ ಅವರಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸಿ, ಬಾಗಿಲು ಎಳೆದು, ಎಲ್ಲರೂ ಹೊರಗೆ ಸುಮ್ಮನೆ ಕೂರಬೇಕು. ಆವತ್ತಿನಿಂದ ಅವರು ಮನೆಯ ಹಿರಿಯರ ಜೊತೆ ಸೇರಿದ ಹಾಗೆ. ಒಳಗೆ ಬಾರದವರು ಹೊರಗೇ ಉಳಿದ ಹಾಗೆ.

"ಆವತ್ತು ನೆಂಟರು ತುಂಬ ಬಂದಿದ್ರು" ಅಂತ ದೇರಪ್ಪಣ್ಣ ಗಂಟಲು ಸರಿ ಮಾಡಿಕೊಂಡರು. "ತೋಡಿನ ಕರೆಂಟಿಗೆ ಮಿಕ್ಸಿ ತಿರುಗುವುದಿಲ್ಲ, ಅಡುಗೆಯವನು ರಗಳೆ ಮಾಡಿದ. ವಾಲ್ವ್ ಮುಚ್ಚಿ, ಜೀಪಲ್ಲಿ ಒಂದು ಜನರೇಟರ್ ತರಿಸಿದೆ. ಡೀಸೆಲಿಂದು."

"ಕರೆಯುವಾಗ ನಿಲ್ಸಿದ್ರಾ?"

"ಲೈಟ್ ಆರಿಸಿದ್ದೆ ಮಾರಾಯ. ಎಂಜಿನ್ ನಿಲ್ಸಿದ್ರೆ ಮತ್ತೆ ಸ್ಟಾರ್ಟ್ ಆಗುದಿಲ್ಲ ಅಂತ ತಂದವ ಹೇಳಿದ. ಕೊಟ್ಟಿಗೆ ಹಿಂದೆ ಓಡ್ತಾ ಇತ್ತು."

"ಪಕ್ಕ ನಿಂತವರಿಗೇ ದೊಡ್ಡಪ್ಪ ಕರೆದದ್ದು ಕೇಳ್ಲಿಲ್ಲ" ಅಂದಳು ಮೋನಿಷಾ. "ನಾನು ಬಾಯಿ ನೋಡಿ ಗೊತ್ತು ಮಾಡಿಕೊಂಡೆ."

"ಅಷ್ಟು ಮೇಲೆ ಇದ್ದವರಿಗೆ ಹೆಂಗೆ ಕೇಳ್ತದೆ?" ದಮಯಂತಿಯಕ್ಕ ನನ್ನನ್ನೇ ನೋಡಿ ಕೇಳಿದರು. ಡೀಸೆಲ್ ಎಂಜಿನ್ನಿನ ಪಕ್ಕ ಬದುಕಿದವನು ನಾನು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಕೂಗಿ ಕೂಗಿ ಸಾಕಾಗಿ ಕೊನೆಗೆ ನನಗೆ ಕಾಫಿ ಹಣ್ಣು ಎಸೆದು ಕರೆಯುತ್ತಿದ್ದರು.

ಆವತ್ತು ಇನ್ನೊಂದು ಆಗಿತ್ತು. ನೆಂಟರೆಲ್ಲ ಹೋಗಿ, ಜನರೇಟರ್ ನಿಲ್ಲಿಸಿದ ಕೂಡಲೇ ಅಂಗಳದ ಬಲ್ಬು ಹೊತ್ತಿಕೊಂಡಿತ್ತು. ಮುಚ್ಚಿದ ವಾಲ್ವನ್ನು ಯಾರೋ ಮಕ್ಕಳು ತಿರುಗಿಸಿರಬೇಕು ಎಂದುಕೊಂಡರಂತೆ.

"ಇನ್ನು ಎರಡು ತಿಂಗಳಿಗೆ ತೋಡು ಬತ್ತುತ್ತದೆ" ದಮಯಂತಿಯಕ್ಕನ ಸ್ವರ ಮೊದಲ ಸಲ ಅಲುಗಿತು. "ನೀರಿಲ್ಲ, ಚಕ್ರ ಇಲ್ಲ, ದೀಪ ಇಲ್ಲ. ಮನೆ ಎಲ್ಲಿ ಉಂಟು ಅಂತ ಅವರಿಗೆ ತೋರ್ಸುವುದು ಯಾರು? ಅಷ್ಟರೊಳಗೆ ಒಳಗೆ ಬರ್ಬೇಕು. ಬಿಸಿಲಿನ ಕರೆಂಟು ಬಂದ್ರೆ ಮೇಲೆ ಕೆಲ್ಸ ಇರುದಿಲ್ಲ. ಕೆಲ್ಸ ಇಲ್ಲದಿದ್ರೆ ಬರ್ತಾರೆ."

"ಇಲ್ಲದಿದ್ರೆ ಹೋಗೇ ಬಿಡ್ತಾರೆ" ಅಂದಳು ಮೋನಿಷಾ. "ಈಗ ದಿನಾ ಸಂಜೆ ಅಪ್ಪ ಇದ್ದಾರೆ ಅಂತಾದ್ರೂ ಗೊತ್ತಾಗ್ತದೆ."

"ಚಳಿಲಿ, ನೀರಿಲಿ ನಿಂತ್ಕೊಂಡು. ನಿಂಗೆ ಗೊತ್ತಾಗ್ಲಿ ಅಂತ."

ಮಗಳು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ನಾನು ನಂಬಿದೆ ಎಂದು ಹೇಳಲಾರೆ. ನೀರುನಾಯಿ ಇರಬಹುದು, ಮಂಗ ಇರಬಹುದು, ಎಲೆಯ ಮುದ್ದೆ ಭಾರಕ್ಕೆ ತಾನೇ ಜಾರಬಹುದು. ಮರುದಿನ ಮಾಡಿನ ಮೇಲೆ ಪ್ಯಾನೆಲ್ ಕೂರಿಸಿ, ಬ್ಯಾಟರಿಗೆ ತಂತಿ ಎಳೆದು, ಒಳಗಿನ ಬಲ್ಬುಗಳನ್ನೆಲ್ಲ ಅದಕ್ಕೆ ಕೊಟ್ಟೆ. ಅಂಗಳದ ಗುಂಡು ಬಲ್ಬನ್ನೂ ನೀರು ಕಾಯಿಸುವ ಕಾಯಿಲನ್ನೂ ಮಾತ್ರ ಚಕ್ರಕ್ಕೇ ಬಿಟ್ಟೆ. ಆವತ್ತೇ ಸಂಜೆ ಮತ್ತೆ ಕರೆಯುವುದೆಂದು ದೇರಪ್ಪಣ್ಣ ಹೇಳಿದ್ದರು. ಬಿಸಿಲು ಇಳಿಯುತ್ತಿದ್ದಂತೆ ವಾಲ್ವ್ ಮುಚ್ಚಲು ನಾನು ಮೋನಿಷಾಳ ಹಿಂದೆ ಗುಡ್ಡ ಹತ್ತಿದೆ.

ಕಟ್ಟೆಯ ಪಕ್ಕ ರಬ್ಬರ್ ಎಲೆಗಳ ರಾಶಿ ಇತ್ತು. ಗಾಳಿ ಒಟ್ಟಿದ ರಾಶಿಯಲ್ಲ. ಕೈಯಿಂದ ಹಿಂಡಿ, ನೀರು ಬಸಿದು, ಒಂದರ ಮೇಲೊಂದು ಇಟ್ಟ ಮುದ್ದೆಗಳು. ಕೆಳಗಿನವು ಒಣಗಿ ಕಪ್ಪಾಗಿದ್ದವು, ಮೇಲಿನವು ಇನ್ನೂ ತೊಟ್ಟಿಕ್ಕುತ್ತಿದ್ದವು.

"ಅಪ್ಪ ಹಿಂಗೇ ಇಡುದು" ಅಂದಳು. "ಆಮೇಲೆ ಕರಿಮೆಣಸಿನ ಬುಡಕ್ಕೆ ಹಾಕ್ತಾರೆ."

"ಹಾಕ್ತಾರೆ ಅಂತೀಯಲ್ಲ."

"ಕೆಳಗೆ ಹೋಗುವಾಗ ಬಳ್ಳಿಯ ಬುಡ ನೋಡಿ ಬೇಕಾದ್ರೆ."

ಜಾಲರಿಯ ಮೇಲೆ ಎಲೆಗಳು ಒಂದೊಂದಾಗಿ ಬಂದು ಅಂಟುತ್ತಿದ್ದವು. ನಾನು ನೋಡುತ್ತಾ ಕೂತೆ. ವಾಲ್ವ್ ಮುಚ್ಚುವ ಮೊದಲು ಆ ಮಂಗನನ್ನೋ ನೀರುನಾಯಿಯನ್ನೋ ಕಣ್ಣಾರೆ ನೋಡಿಬಿಡೋಣ ಎಂದು. ಎಲೆ ಕಟ್ಟಿತು, ಪೈಪಿಗೆ ಹೋಗುವ ನೀರು ಸಣ್ಣದಾಗಿ ಸೊಯ್ಯೆಂದು ಎಳೆಯತೊಡಗಿತು. ಮೋನಿಷಾ ಬೆನ್ನು ತಿರುಗಿಸಿ ಕೆಳಗೆ ಮನೆಯ ಕಡೆ ನೋಡುತ್ತಾ ನಿಂತಿದ್ದಳು.

"ನೀನ್ಯಾಕೆ ಈ ಕಡೆ ನೋಡಲ್ಲ?"

"ನಾನು ನೋಡುದಿಲ್ಲ. ನೋಡಿದ್ರೆ ಅಪ್ಪನಿಗೆ ಮರ್ಯಾದೆ ಆಗುದಿಲ್ಲ." ಕೆಳಗೆ ಕೈ ತೋರಿಸಿ, "ಬಲ್ಬು ಕೆಂಪಾಯ್ತು" ಅಂದಳು.

ನಾನೂ ತಿರುಗಿ ಕೆಳಗೆ ನೋಡಿದೆ. ಮರಗಳ ನಡುವೆ ಆ ಬಲ್ಬು ಕುಂಕುಮದ ಚುಕ್ಕೆಯ ಹಾಗಿತ್ತು. ನೋಡುತ್ತಿದ್ದಂತೆಯೇ ಅದು ಬೆಳ್ಳಗಾಯಿತು. ತಟ್ಟನೆ ತಿರುಗಿದೆ. ಜಾಲರಿಯ ಮೇಲೆ ಒಂದು ಎಲೆಯೂ ಇರಲಿಲ್ಲ. ರಾಶಿಯ ಮೇಲೆ ಹೊಸ ಮುದ್ದೆಯೊಂದು, ಅದರಿಂದ ನೀರು ಹರಿದು ನನ್ನ ಚಪ್ಪಲಿಯವರೆಗೆ ಬಂದಿತ್ತು. ಇಷ್ಟೆಲ್ಲ ಆದರೂ ಸದ್ದೇ ಆಗಿರಲಿಲ್ಲ. ನನ್ನ ಬಲಗಿವಿ ಚೆನ್ನಾಗಿಯೇ ಕೇಳುತ್ತದೆ.

ವಾಲ್ವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಮುಚ್ಚಿದೆ. ಇಳಿಯುವಾಗ ಮೆಣಸಿನ ಬಳ್ಳಿಗಳ ಬುಡವನ್ನು ನಾನು ನೋಡಲಿಲ್ಲ.

ಅಂಗಳದಲ್ಲಿ ಎಲ್ಲ ಸಿದ್ಧವಾಗಿತ್ತು. ಈ ಸಲ ನೆಂಟರಿಲ್ಲ, ಅಡುಗೆಯವನಿಲ್ಲ. ಒಳಕೋಣೆಯಲ್ಲಿ ಬಾಳೆಲೆ, ಅಕ್ಕಿ ರೊಟ್ಟಿ, ಕೋಳಿ ಸಾರು, ಒಂದು ಸ್ಟೀಲ್ ಲೋಟದಲ್ಲಿ ಬ್ರಾಂದಿ. "ನೀರು ಬೆರ್ಸಿದ್ದೀಯಾ?" ಅಂತ ದೇರಪ್ಪಣ್ಣ ಕೇಳಿದ್ದಕ್ಕೆ ದಮಯಂತಿಯಕ್ಕ, "ಬದುಕಿದ್ದಾಗ ಬೆರ್ಸಿಕೊಂಡವರೇ ಅಲ್ಲ, ಈಗ ನಾನು ಹೇಳಿದ್ರೆ ಕೇಳ್ತಾರಾ?" ಅಂದರು. ಸೋಲಾರ್ ದೀಪಗಳನ್ನೂ ಆರಿಸಿದೆ. ಕೋಣೆಯಲ್ಲಿ ಎಣ್ಣೆಯ ಬತ್ತಿ ಒಂದೇ. ಇನ್ನೂ ಕಪ್ಪಾಗದ ಆಕಾಶದ ಕೆಳಗೆ ಕಾಡು ಆಗಲೇ ಕಪ್ಪಾಗಿತ್ತು.

ದೇರಪ್ಪಣ್ಣ ಅಂಗಳದ ಅಂಚಿಗೆ ಹೋಗಿ ನಿಂತರು. "ಕುಶಾಲಪ್ಪಾ" ಅಂತ ಕರೆದರು. "ಒಳಗೆ ಬಾ."

ಎಷ್ಟು ಸ್ತಬ್ಧವಾಗಿತ್ತೆಂದರೆ ಆ ಕರೆ ಗುಡ್ಡಕ್ಕೆ ಹೋಗಿ ತಾಗಿದ್ದು ಕೇಳಿಸಿತು. ಮತ್ತೊಮ್ಮೆ ಕರೆದರು. ಮೂರನೆಯ ಸಲ ಬಾಯಿ ತೆರೆದಾಗ ಅವರ ನೆರಳು ಉದ್ದಕ್ಕೆ ಅಂಗಳದ ಮೇಲೆ ಬಿತ್ತು.

ಗುಂಡು ಬಲ್ಬು ಹೊತ್ತಿಕೊಂಡಿತ್ತು.

ದೇರಪ್ಪಣ್ಣ ಹಾಗೇ ನಿಂತು, ತುಟಿ ಅಲುಗಿಸದೆ, "ವಾಲ್ವ್ ಸರಿ ಮುಚ್ಚಿದ್ದೀಯಾ ನೀನು?" ಅಂದರು.

"ನಮ್ಮಪ್ಪನಾಣೆ ಮುಚ್ಚಿದೀನಿ ಅಣ್ಣ."

"ನಿಮ್ಮಪ್ಪನ್ನ ಯಾಕೆ ತರ್ತೀಯ ಈಗ" ಅಂತ ಗದರಿದರು. ಉಟ್ಟ ಮುಂಡಿನ ತುದಿಯಿಂದ ಮುಖ ಒರೆಸಿಕೊಂಡು ಜಗಲಿಗೆ ಬಂದು ಕೂತರು.

ನನಗೆ ಆಗ ಹೊಳೆಯಿತು. ದೀಪ ಆರಿದರೆ ಆ ಮನುಷ್ಯ ಬರುವುದೆಲ್ಲಿಂದ? ದೀಪ ಆರಿದಾಗಲೇ ಅವರು ಮೇಲೆ ಹೋಗುವುದು. ನಾವು ಕತ್ತಲು ಮಾಡಿ ಕರೆದೆವು. ಅವರು ಕತ್ತಲು ನೋಡಿ ಕೆಲಸಕ್ಕೆ ಹೋದರು. ಹದಿನಾರಕ್ಕೂ ಅದೇ, ಇವತ್ತೂ ಅದೇ. ಇದನ್ನು ಮೆಲ್ಲಗೆ ದಮಯಂತಿಯಕ್ಕನಿಗೆ ಹೇಳಿದೆ.

ಅವರು ಆಗಲೇ ಎದ್ದಾಗಿತ್ತು. ಸೆರಗು ಸರಿಮಾಡಿಕೊಂಡು ಆ ಬೆಳಕಿನ ನಡುವೆಯೇ ಅಂಗಳಕ್ಕೆ ಇಳಿದರು.

"ಎಂಥ ಮಾಡ್ತಾ ಇದ್ದೀ? ಕರೆಂಟು ಬೆಳಕಲ್ಲಿ ಕರೆಯುವ ಪದ್ಧತಿ ಇಲ್ಲ" ಅಂದರು ದೇರಪ್ಪಣ್ಣ. "ಅದೂ ಹೆಂಗಸರು."

"ಡೀಸೆಲ್ ಸದ್ದಲ್ಲಿ ಕರೆಯುವ ಪದ್ಧತಿ ಉಂಟಾ ಬಾವ?"

ದೇರಪ್ಪಣ್ಣ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದರು.

ಅಂಚಿನಲ್ಲಿ ನಿಂತು ದಮಯಂತಿಯಕ್ಕ ಹೆಸರು ಹಿಡಿಯಲಿಲ್ಲ. ಕೂಗಲೂ ಇಲ್ಲ. ಪಕ್ಕದ ಕೋಣೆಯಲ್ಲಿದ್ದವರಿಗೆ ಹೇಳುವಷ್ಟೇ ಸ್ವರ. "ಸಾಕು, ಬನ್ನಿ ಇನ್ನು. ದೀಪ ಸರಿ ಉಂಟು. ನಾಳೆಯಿಂದ ಆ ಕೆಲ್ಸ ಮೋನಿಷಾಂಗೆ."

ನಾನು ಮೋನಿಷಾಳನ್ನು ನೋಡಿದೆ. ಕಂಬಕ್ಕೆ ಒರಗಿ ನಿಂತಿದ್ದವಳು ಇಲ್ಲ ಎನ್ನುವಂತೆ ತಲೆ ಆಡಿಸಿದಳು. ಅವಳು ಹೂಂ ಅಂದುಬಿಟ್ಟರೆ ಆ ಸಂಜೆಗಳು ಮುಗಿದವು. ಮಂಕಾದ ಬಲ್ಬನ್ನು ನೋಡುತ್ತಾ ಕಾಯುವುದು, ಬೆಳಗಿದಾಗ ಒಳಗೊಳಗೇ ಅಪ್ಪ ಎನ್ನುವುದು, ಎಲ್ಲ. ದಮಯಂತಿಯಕ್ಕ ತಿರುಗಿ ನೋಡಲಿಲ್ಲ, ಅವಸರ ಮಾಡಲಿಲ್ಲ. ಕಾಡಿನ ಕಡೆಗೆ ಮುಖ ಮಾಡಿ, ಇಬ್ಬರ ನಡುವೆ ನಿಂತವರ ಹಾಗೆ ನಿಂತಿದ್ದರು.

"ಅಲ್ಲಿಂದ ಕೇಳ್ತಾ ಇದ್ದಾರೆ ಮಗ" ಅಂದರು. "ನೀನೇ ಹೇಳು. ನಿಂದೇ ಕೆಲ್ಸ."

ಕೊನೆಗೆ ಮೋನಿಷಾ, "ಹೂಂ ಅಪ್ಪ" ಅಂದಳು. ಮತ್ತೆ ಸ್ವಲ್ಪ ಗಟ್ಟಿಯಾಗಿ, "ನಾನೇ ಹೋಗ್ತೇನೆ. ದಿನಾ ಹೋಗ್ತೇನೆ. ನೀವು ಬನ್ನಿ."

ಏನೂ ಆಗಲಿಲ್ಲ. ನಾವು ಕೂತೇ ಇದ್ದೆವು. ಆಮೇಲೆ ಬಲ್ಬು ಎಂದಿನಂತೆ ಮಂಕಾಗತೊಡಗಿತು. ಬಿಳಿ ಹಳದಿಯಾಯಿತು, ಹಳದಿ ಕೆಂಪಾಯಿತು. ಎಲ್ಲರೂ ಅದನ್ನೇ ನೋಡುತ್ತಿದ್ದೆವು. ಈಗ ಬೆಳಗುತ್ತದೆ, ಈಗ ಬೆಳಗುತ್ತದೆ ಅಂದುಕೊಂಡೆ. ತಂತಿ ಒಂದು ಎಳೆಯಷ್ಟು ಕೆಂಪಾಗಿ ಉಳಿದು, ಅದೂ ಹೋಯಿತು.

ಬೆಳಗಲೇ ಇಲ್ಲ.

ಆ ಕತ್ತಲಲ್ಲಿ ಗುಡ್ಡದ ದಾರಿಯಿಂದ ಒದ್ದೆ ಗಾಳಿಯೊಂದು ಇಳಿದು ಬಂತು. ಕೊಳೆತ ರಬ್ಬರ್ ಎಲೆಯ ವಾಸನೆ. ಅಂಗಳ ದಾಟಿತು, ಮೆಟ್ಟಿಲ ಹತ್ತಿರ ಸ್ವಲ್ಪ ನಿಂತ ಹಾಗಾಯಿತು, ಕಾಲು ತೊಳೆಯಲು ಇಟ್ಟ ಬಕೆಟ್ಟಿನಲ್ಲಿ ಚೊಂಬು ಒಮ್ಮೆ ಟಣ್ ಎಂದಿತು. ದೇರಪ್ಪಣ್ಣ ನನ್ನ ತೊಡೆಯನ್ನು ಹಿಡಿದುಕೊಂಡಿದ್ದರು. ಬೇರೆ ಹೊತ್ತಾಗಿದ್ದರೆ ನಗುತ್ತಿದ್ದೆ. ನಾನು ನೆಲ ನೋಡುತ್ತಾ ಕೂತಿದ್ದೆ. ಗಾಳಿ ನನ್ನನ್ನು ದಾಟುವಾಗ ಮೊಣಕಾಲಿಗೆ ಹನಿ ತಾಗಿತು. ದಮಯಂತಿಯಕ್ಕ ಒಳಗೆ ಹೋಗಿ ಕೋಣೆಯ ಬಾಗಿಲು ಎಳೆದು ಬಂದರು. ಬಾಗಿಲ ಸಂದಿಯಿಂದ ಬಂದ ಬತ್ತಿಯ ಬೆಳಕಿಗೆ ಅವರ ಮುಖ ಒದ್ದೆಯಾಗಿ ಕಂಡಿತು.

ಮೋನಿಷಾ ಗೋಡೆಯ ಮೇಲಿದ್ದ ಟಾರ್ಚು ತೆಗೆದುಕೊಂಡಳು.

"ನಾನೂ ಬರ್ಲಾ?" ಅಂದೆ.

"ಬೇಡ. ಒಬ್ಬಳೇ ಹೋಗಿ ಅಭ್ಯಾಸ ಆಗ್ಬೇಕಲ್ಲ."

ಟಾರ್ಚಿನ ಬೆಳಕು ಮರಗಳ ನಡುವೆ ಏರುತ್ತಾ ಹೋಯಿತು. ಅಲ್ಲಲ್ಲಿ ನಿಂತಿತು, ಮತ್ತೆ ಏರಿತು. ಆಮೇಲೆ ಕಾಣಲಿಲ್ಲ. ತುಂಬ ಹೊತ್ತು ಏನೂ ಇಲ್ಲ. ಕಲಿಯುವವಳ ಕೈ ಅಲ್ಲವೇ. ಕೊನೆಗೆ ಬಲ್ಬಿನ ತಂತಿ ಕೆಂಪಾಯಿತು, ತಡವರಿಸಿತು, ಒಮ್ಮೆ ಆರುವ ಹಾಗೆ ಮಾಡಿ, ನಿಧಾನವಾಗಿ ಬೆಳ್ಳಗಾಯಿತು. ಅಂಗಳದಲ್ಲಿ ನಾವು ಮೂವರು, ನಮ್ಮ ಮೂರು ನೆರಳು.

"ಅಂತೂ ಹುಡುಗಿ ಬಿಡಿಸಿದ್ಳು ಅಕ್ಕ" ಅಂತ ನಾನು ಗಟ್ಟಿಯಾಗಿಯೇ ಅಂದೆ. ಎದೆ ಹಗುರಾಗಿತ್ತು.

ಎಳೆದ ಬಾಗಿಲಿನ ಹಿಂದೆ, ಒಳಕೋಣೆಯಲ್ಲಿ, ಖಾಲಿ ಲೋಟವನ್ನು ನೆಲಕ್ಕಿಟ್ಟ ಸದ್ದಾಯಿತು.

ದಮಯಂತಿಯಕ್ಕ ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಲ ಮಾತಾಡಿ ಶಶಿ. ಊಟಕ್ಕೆ ಕೂತಿದ್ದಾರೆ."